ಕ್ರೌನ್ ಬದಲಿಸುವ ಮುನ್ನ ಸೀಮೆಸುಣ್ಣ ಹಿಡಿಯಿರಿ

ಗಾಲಿ-ಗೇರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಹಿಂದಿನ ಹೌಸಿಂಗ್ (ಗಾಲಿಗಳನ್ನು ತಿರುಗಿಸುವ ಗೇರುಗಳ ಪೆಟ್ಟಿಗೆ) ಮತ್ತು ಟೈರಿನ ಸುತ್ತಲೇ ಇವೆ. ಹೌಸಿಂಗಿನೊಳಗಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಬರೆದವರಲ್ಲಿ ಹಳೆಯ ಬಸ್ಸು-ವ್ಯಾನುಗಳನ್ನು ಓಡಾಡುವ ಮನೆ ಮಾಡಿಕೊಂಡವರಿದ್ದಾರೆ, ಜೀಪಿನವರಿದ್ದಾರೆ, ನಾಟಕ ಕಂಪನಿಯವರೂ ಇದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಳೆಯ ಮಿನಿ ಬಸ್ಸಿನ ಸೀಟು ಕಿತ್ತು ಎರಡು ಮಂಚ, ಅಡುಗೆ ಕಟ್ಟೆ, 200 ಲೀಟರ್ ನೀರಿನ ಟ್ಯಾಂಕ್ ಕೂರಿಸಿ ಕ್ಯಾರವಾನ್ ಮಾಡಿಕೊಂಡಿದ್ದೇವೆ. ಮಂದಿ-ಸಾಮಾನು ಸಮೇತ ಕಾಟಾ ಮಾಡಿಸಿದಾಗ 5,500 ಕೆಜಿ ಬಂತು. ಕ್ರೌನ್-ಪಿನಿಯನ್ 41/8, ಟೈರು 7.50-16 (ಅಗಲ 7.50 ಇಂಚು, ಡಿಸ್ಕಿನ ವ್ಯಾಸ 16 ಇಂಚು), ನಾಲ್ಕು ಗೇರು, ಟಾಪ್ ಗೇರು ನೇರ (ಇಂಜಿನ್ ಒಂದು ಸುತ್ತಿಗೆ ಶಾಫ್ಟೂ ಒಂದೇ ಸುತ್ತು). ಪುಸ್ತಕದಲ್ಲಿ ಟಾರ್ಕ್ (ತಿರುಗಿಸುವ ಬಲ) 22 ಕೆಜಿ-ಮೀಟರ್, ಮೂರನೇ ಗೇರು 1.6 ಎಂದಿದೆ. ಹೈವೇದಾಗ 70 ದಾಟಿದರೆ ಇಂಜಿನ್ ಒಂದೇ ಸಮ ಒದರತೈತಿ. ಒಬ್ಬ ಮಿಸ್ತ್ರಿ 41/9 ಕ್ರೌನ್ ಹಾಕಿಸಿ ಅಂತಾರೆ, ಇನ್ನೊಬ್ಬರು 8.25-16 ಟೈರು ಹಾಕಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?
— ಕುಷ್ಟಗಿಯ ಓದುಗರು

ಉತ್ತರ: ಇಷ್ಟು ವಿವರ ಕೊಟ್ಟು ಕೇಳುವವರು ಕಡಿಮೆ. ಹಾಗಾಗಿ ನಿಮ್ಮ ಲೆಕ್ಕವನ್ನೇ ಪೂರ್ತಿ ಬಿಡಿಸೋಣ. ಬೇರೆಯವರು ತಮ್ಮ ಅಂಕಿ ಹಾಕಿ ನೋಡಿಕೊಳ್ಳಬಹುದು.

ಕ್ರೌನಿನ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದರೆ ರೇಶಿಯೋ. 41/8 ಅಂದರೆ 5.125. 41/9 ಅಂದರೆ 4.56. ಅಂಕಿ ಇಳಿದಷ್ಟೂ ಓಟ ಹೆಚ್ಚು, ಜಗ್ಗುವ ಬಲ ಕಡಿಮೆ. ಇದಕ್ಕೆ ಟೈರನ್ನೂ ಸೇರಿಸಬೇಕು, ಏಕೆಂದರೆ ಇಂಜಿನ್‌ಗೆ ಕ್ರೌನ್ ಬೇರೆ, ಟೈರು ಬೇರೆ ಎಂಬ ಭೇದ ತಿಳಿಯುವುದಿಲ್ಲ. ಗಾಲಿ ಒಂದು ಸುತ್ತು ಉರುಳಿದರೆ ಗಾಡಿ ಎಷ್ಟು ಮುಂದೆ ಹೋಯಿತು ಎಂಬುದಷ್ಟೇ ಅದಕ್ಕೆ ಲೆಕ್ಕ.

ಆ ದೂರವನ್ನು ಟೈರಿನ ಮೇಲಿನ ಬರಹ ನೋಡಿ ಊಹಿಸಬೇಡಿ, ಅಳೆಯಿರಿ. ಮಾಮೂಲಿ ಲೋಡು, ಮಾಮೂಲಿ ಗಾಳಿ ಇರಲಿ. ಸಪಾಟಾದ ಸಿಮೆಂಟ್ ನೆಲದ ಮೇಲೆ ಹಿಂದಿನ ಟೈರು ನೆಲಕ್ಕೆ ತಾಗುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ. ಗಾಡಿಯನ್ನು ನೆಟ್ಟಗೆ ತಳ್ಳಿ, ಟೈರಿನ ಗೆರೆ ಐದನೇ ಸಲ ನೆಲಕ್ಕೆ ಬಂದಾಗ ನಿಲ್ಲಿಸಿ, ಟೇಪು ಹಿಡಿದು ಅಳೆದು 5ರಿಂದ ಭಾಗಿಸಿ. 7.50-16ಕ್ಕೆ ಸುಮಾರು 2.45 ಮೀಟರ್, 8.25-16ಕ್ಕೆ ಸುಮಾರು 2.62 ಮೀಟರ್ ಬರುತ್ತದೆ. ಕಂಪನಿ, ಸವಕಳಿ, ಗಾಳಿ ನೋಡಿಕೊಂಡು ಒಂದೆರಡು ಸೆಂಟಿಮೀಟರ್ ಆಚೀಚೆ.

ಈಗ ಸೂತ್ರ. ವೇಗವನ್ನು 16.67ರಿಂದ ಗುಣಿಸಿ, ರೇಶಿಯೋದಿಂದ ಗುಣಿಸಿ, ಒಂದು ಸುತ್ತಿನ ದೂರದಿಂದ ಭಾಗಿಸಿ. ಟಾಪ್ ಗೇರು ನೇರ ಇದ್ದಾಗ ಬರುವುದೇ ಇಂಜಿನ್‌ನ ಆರ್‌ಪಿಎಂ. ನಿಮ್ಮ ಗಾಡಿ 70ರಲ್ಲಿ ಈಗ ನಿಮಿಷಕ್ಕೆ ಸುಮಾರು 2,440 ಸುತ್ತು ಸುತ್ತುತ್ತಿದೆ. ಟೈರು ಮಾತ್ರ 8.25 ಮಾಡಿದರೆ 2,280. ಕ್ರೌನ್ ಮಾತ್ರ 41/9 ಮಾಡಿದರೆ 2,170.

ಇಲ್ಲಿಗೇ ನಿಲ್ಲಿಸಿದರೆ 41/9 ಗೆದ್ದಂತೆ ಕಾಣುತ್ತದೆ. ಏರಿನಲ್ಲಿ ನಿಲ್ಲಿಸಿ ನೋಡಿ. 100 ಮೀಟರಿಗೆ 6 ಮೀಟರ್ ಏರುವ ರಸ್ತೆ ಅಂದುಕೊಳ್ಳೋಣ. ಏರಿಗೆ ಶೇ. 6, ಟೈರು ಉರುಳುವ ತಡೆಗೆ ಶೇ. 1.2 ಹಿಡಿದರೆ 5,500 ಕೆಜಿ ಗಾಡಿಯನ್ನು ಮೇಲೆ ದೂಡಲು 396 ಕೆಜಿ ಬಲ ಬೇಕು. ಗಾಲಿಯ ತ್ರಿಜ್ಯ 0.39 ಮೀಟರ್, ಅಂದರೆ ಆಕ್ಸಲ್‌ನಲ್ಲಿ 154 ಕೆಜಿ-ಮೀಟರ್. ನಿಮ್ಮ ಇಂಜಿನ್ ಮೂರನೇ ಗೇರಿನಲ್ಲಿ ಕೊಡುವುದು 22 × 1.6 × 5.125, ಅದರಲ್ಲಿ ಹತ್ತನೇ ಒಂದು ಪಾಲು ಗೇರು-ಬೇರಿಂಗುಗಳ ತಿಕ್ಕಾಟಕ್ಕೆ ಹೋಗಿ ಕೈಗೆ ಸಿಗುವುದು 162. ಮುಕ್ಕಿರಿದು ಏರುತ್ತದೆ. 41/9 ಹಾಕಿದರೆ ಸಿಗುವುದು 144. ಏರುವುದಿಲ್ಲ, ಎರಡಕ್ಕೆ ಇಳಿಸಬೇಕು. ಈವರೆಗೆ ಮೂರರಲ್ಲಿ ಹತ್ತಿದ ಘಾಟಿಯನ್ನೆಲ್ಲ ಇನ್ನು ಎರಡರಲ್ಲಿ ಹತ್ತುತ್ತೀರಿ, ಹಿಂದೆ ಲಾರಿಗಳು ಹಾರನ್ ಹೊಡೆಯುತ್ತಿರುತ್ತವೆ.

ಮೂರರಲ್ಲೇ ಒತ್ತಿ ಹಿಡಿದರೆ ಇನ್ನೂ ಕೆಟ್ಟದ್ದು. ಆರ್‌ಪಿಎಂ ಬಿದ್ದಾಗ ಫ್ಯಾನೂ ನೀರಿನ ಪಂಪೂ ನಿಧಾನ ಆಗುತ್ತವೆ, ಡೀಸೆಲ್ ಮಾತ್ರ ಪೂರ್ತಿ ಬೀಳುತ್ತಿರುತ್ತದೆ. ಕಪ್ಪು ಹೊಗೆ ಬರುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೀರು ಕುದಿಯಲು, ಹೆಡ್ ಗ್ಯಾಸ್ಕೆಟ್ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಇಳಿಜಾರಿನಲ್ಲೂ ಇಂಜಿನ್ ಹಿಡಿತ ಅದೇ ಶೇ. 11ರಷ್ಟು ಕಡಿಮೆ, ಆ ಭಾರವೆಲ್ಲ ಬ್ರೇಕಿಗೆ ಬೀಳುತ್ತದೆ. ಶ್ರೀಶೈಲದ ಘಾಟಿ ಇಳಿಯುವಾಗ ಇದು ಗೊತ್ತಾಗುತ್ತದೆ.

8.25 ಟೈರಿನದು ಬೇರೆ ತಕರಾರು. ಡಿಸ್ಕ್ (ಟೈರು ಕೂರುವ ಲೋಹದ ಗಾಲಿ) ಅಗಲವೇ ಬೇರೆ: 7.50ಕ್ಕೆ 6.00ಜಿ, 8.25ಕ್ಕೆ 6.50ಎಚ್ (ಅಂಕಿ ಇಂಚಿನಲ್ಲಿ ಅಗಲ, ಅಕ್ಷರ ಅಂಚಿನ ಆಕಾರ). ಹಿಂದೆ ಜೋಡಿ ಗಾಲಿ ಇದ್ದರೆ ಎರಡು ಟೈರಿನ ನಡುವಿನ ಸಂದು ಕಡಿಮೆಯಾಗಿ ಪಕ್ಕೆಗೆ ಪಕ್ಕೆ ತಿಕ್ಕುತ್ತವೆ. ಮುಂದೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಮಾನ್ ಪಾಟಾಕ್ಕೆ ತಾಗಬಹುದು.

ನಮ್ಮ ಅಭಿಪ್ರಾಯ ಕೇಳಿದರೆ, ಈ ತೂಕಕ್ಕೆ ಈ ಇಂಜಿನ್‌ಗೆ 41/8 ಸರಿಯಾಗಿಯೇ ಇದೆ, ಮುಟ್ಟಬೇಡಿ. 60ರಲ್ಲಿ ಓಡಿಸಿದರೆ ಆರ್‌ಪಿಎಂ 2,090. ಅಂದರೆ ಹೊಸ ಕ್ರೌನ್ ಹಾಕಿಸಿ 70ರಲ್ಲಿ ಪಡೆಯುವುದಕ್ಕಿಂತ ಕಡಿಮೆ, ಅದೂ ಪುಕ್ಕಟೆ. 140 ಕಿ.ಮೀ. ದಾರಿಗೆ ಹೆಚ್ಚು ಹಿಡಿಯುವುದು 20 ನಿಮಿಷ. ಒದರುವಿಕೆಯಲ್ಲಿ ಅರ್ಧಕ್ಕರ್ಧ ಇಂಜಿನ್ ಮುಚ್ಚಳದ್ದೇ ಇರಬಹುದು: ಡ್ರೈವರ್ ಪಕ್ಕದ ಮುಚ್ಚಳದ ರಬ್ಬರ್ ಪಟ್ಟಿ ಹರಿದಿದ್ದರೆ ಹೊಸದು ಹಾಕಿಸಿ, ಒಳಮೈಗೆ ಶಾಖ ತಡೆಯುವ ದಪ್ಪ ಪ್ಯಾಡ್ ಅಂಟಿಸಿ, ಸೈಲೆನ್ಸರ್ ಜಾಯಿಂಟ್ ನೋಡಿ. ಅಷ್ಟಾದರೂ ಮನಸ್ಸು ಕೇಳದಿದ್ದರೆ ಕ್ರೌನ್ ಬದಲು ಐದನೇ ಗೇರು ಓವರ್‌ಡ್ರೈವ್ ಇರುವ ಗೇರ್‌ಬಾಕ್ಸ್ ಹುಡುಕಿ. ಐದನೆಯದು 0.8 ಇದ್ದರೆ (ಇಂಜಿನ್ 0.8 ಸುತ್ತಿಗೇ ಶಾಫ್ಟು ಒಂದು ಸುತ್ತು) 70ರಲ್ಲಿ ಸುಮಾರು 1,950 ಆರ್‌ಪಿಎಂ, ಕೆಳಗಿನ ಗೇರುಗಳ ಬಲವೂ ಉಳಿಯುತ್ತದೆ. ಮೌಂಟಿಂಗ್, ಕ್ಲಚ್ ಪ್ಲೇಟಿನ ಸ್ಪ್ಲೈನ್ (ಒಳಗಿನ ಕಚ್ಚು ಹಲ್ಲು), ಜಾಯಿಂಟ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬರುವ ದಂಡ) ಉದ್ದ ಈ ಮೂರನ್ನೂ ಹೊಂದಿಸಿಕೊಂಡ ಮೇಲೆಯೇ ದುಡ್ಡು ಕೊಡಿ.

ಪ್ರಶ್ನೆ: ಹೌಸಿಂಗ್ ಬಿಚ್ಚದೆ ರೇಶಿಯೋ ತಿಳಿಯುವುದು ಹೇಗೆ? ಗಾಡಿ ನಾಲ್ಕು ಕೈ ಬದಲಾಗಿದೆ, ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ.
— ಗಂಗಾವತಿ

ಉತ್ತರ: ಹಿಂದಿನ ಒಂದೇ ಗಾಲಿಯನ್ನು ಜಾಕಿ ಹಚ್ಚಿ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಆದ್ದರಿಂದ ಮೊದಲೇ ಉಳಿದ ಗಾಲಿಗಳಿಗೆ ಹಿಂದೆ-ಮುಂದೆ ಕಟ್ಟಿಗೆ ದಿಮ್ಮಿ ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಜಾಯಿಂಟ್ ಶಾಫ್ಟಿಗೂ ಟೈರಿಗೂ ಒಂದೊಂದು ಗೆರೆ ಹಾಕಿ. ಒಬ್ಬರು ಗಾಲಿಯನ್ನು 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದು ಗಾಲಿ ನಿಂತಿರುವಾಗ ಇನ್ನೊಂದರ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ. ಹಾಗಾಗಿ ಶಾಫ್ಟಿನ ಸುತ್ತನ್ನು 10ರಿಂದ ಭಾಗಿಸಿದರೆ ರೇಶಿಯೋ. 51 ಸುತ್ತು ದಾಟಿ ಸ್ವಲ್ಪ ಬಂದರೆ 41/8. ನಲವತ್ತೈದೂವರೆ ಬಂದರೆ 41/9. ನಲವತ್ತೊಂದು ಬಂದರೆ 37/9.

ಹತ್ತಿರದ ರೇಶಿಯೋಗಳನ್ನು ಒಂದೇ ಸುತ್ತಿನಲ್ಲಿ ಗುರುತಿಸಲು ಹೋಗಬೇಡಿ, ಕಾಲು ಸುತ್ತು ತಪ್ಪಿದರೂ ಲೆಕ್ಕ ಕೆಡುತ್ತದೆ. 20 ಸುತ್ತು ಹಾಕಿಸುವುದು ಅದಕ್ಕೇ.

ಹಲ್ಲಿನ ಸಂಖ್ಯೆ ಯಾಕೆ ಹೀಗೆ ವಕ್ರವಾಗಿರುತ್ತದೆ, 40/8 ಅಂತ ಗುಂಡಗೆ ಮಾಡಬಾರದೇ ಎಂದೂ ಕೇಳಿದ್ದೀರಿ. 40/8 ಆದರೆ ಪಿನಿಯನ್ನಿನ ಒಂದು ಹಲ್ಲು ಸದಾ ಕ್ರೌನಿನ ಅವೇ ಐದು ಹಲ್ಲಿಗೆ ತಾಗುತ್ತಿರುತ್ತದೆ. ಒಂದು ಹಲ್ಲಿನಲ್ಲಿ ಚೂರು ದೋಷ ಇದ್ದರೂ ಆ ಐದರ ಮೇಲೇ ಅಚ್ಚೊತ್ತುತ್ತದೆ. 41/8ರಲ್ಲಿ ಪ್ರತಿ ಹಲ್ಲೂ ಎಲ್ಲ ಹಲ್ಲನ್ನೂ ಸರದಿಯಂತೆ ಭೇಟಿಯಾಗುತ್ತದೆ, ಸವೆತ ಹಂಚಿಹೋಗುತ್ತದೆ.

ಪ್ರಶ್ನೆ: ನಮ್ಮದು ನಾಟಕ ಕಂಪನಿ. ಜಾತ್ರೆ ಸೀಜನ್ನಿಗೆ ಕಲಾವಿದರು ಹಳೆಯ ಬಸ್ಸಿನಲ್ಲೇ ಉಣ್ಣುವುದು, ಮಲಗುವುದು. ಹಿಂದಿನ ನಾಲ್ಕು ಟೈರಲ್ಲಿ ಎರಡು ನೈಲಾನ್ 10.00-20, ಎರಡು ರೇಡಿಯಲ್ 295/90ಆರ್20. ಪ್ರತಿ ಜೋಡಿಯಲ್ಲಿ ಒಂದೊಂದು ಹಾಕಿದ್ದೇವೆ. ನೈಲಾನ್ ಟೈರು ಬಿಸಿಯಾಗಿ ಪದೇ ಪದೇ ಒಡೆಯುತ್ತಿವೆ. ಕಂಪನಿ ಮಾಲೇ ಕೆಟ್ಟದ್ದೋ?
— ಬಳ್ಳಾರಿ

ಉತ್ತರ: ಮಾಲಿನ ದೋಷ ಇರಲಾರದು. ಜೋಡಿ ತಪ್ಪಿದೆ. 295/90ಆರ್20ರ ಎತ್ತರ ಲೆಕ್ಕಕ್ಕೆ 1,039 ಮಿ.ಮೀ., 10.00-20 ಸುಮಾರು 1,055. ಎರಡೂ ಒಂದೇ ಹಬ್ಬಿಗೆ ಬೋಲ್ಟು ಬಿಗಿದುಕೊಂಡು ಒಂದೇ ಸುತ್ತು ಸುತ್ತುತ್ತವೆ, ಉರುಳಬೇಕಾದ ದೂರ ಮಾತ್ರ ಬೇರೆ ಬೇರೆ. ದೊಡ್ಡದು ಭಾರ ಹೊರುತ್ತದೆ, ಚಿಕ್ಕದು ರಸ್ತೆಗೆ ತಿಕ್ಕಿಸಿಕೊಂಡು ಸವೆಯುತ್ತದೆ. ಹೆಚ್ಚು ಭಾರ ಹೊತ್ತ ಟೈರಿನ ಪಕ್ಕೆ ಹೆಚ್ಚು ಮಡಚಿ, ಹೆಚ್ಚು ಬಿಸಿಯಾಗಿ ಒಡೆಯುತ್ತದೆ.

9.00-20 ಮತ್ತು ಅದಕ್ಕಿಂತ ದೊಡ್ಡ ಟೈರಿಗೆ ಒಂದು ಜೋಡಿಯೊಳಗೆ ಎತ್ತರದ ವ್ಯತ್ಯಾಸ ಅರ್ಧ ಇಂಚು, ಅಂದರೆ 12-13 ಮಿ.ಮೀ. ಮೀರಬಾರದು. 8.25 ಮತ್ತು ಕೆಳಗಿನವಕ್ಕೆ ಕಾಲು ಇಂಚು. ನಿಮ್ಮದು 16. ಅದರ ಮೇಲೆ ನೈಲಾನೂ ರೇಡಿಯಲ್ಲೂ ಭಾರಕ್ಕೆ ಬಾಗುವ ರೀತಿಯೇ ಬೇರೆ, ಹಾಗಾಗಿ ಎತ್ತರ ಸರಿಬಂದರೂ ಒಂದೇ ಆಕ್ಸಲ್‌ಗೆ ಎರಡನ್ನೂ ಹಾಕಬಾರದು.

ಎಡಕ್ಕೆ ಎರಡು ರೇಡಿಯಲ್, ಬಲಕ್ಕೆ ಎರಡು ನೈಲಾನ್ ಹಾಕಿದರಾಯಿತು ಎಂದು ಯಾರಾದರೂ ಹೇಳಬಹುದು. ಆಗ ಪೆಟ್ಟು ಎರಡು ಕಡೆಯ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ಗೆ. ನೆಟ್ಟಗಿನ ರಸ್ತೆಯಲ್ಲೂ ಒಂದು ಕಡೆ ಗಾಲಿ ಇನ್ನೊಂದಕ್ಕಿಂತ ಶೇ. 1.5 ಹೆಚ್ಚು ಸುತ್ತಬೇಕು. 100 ಕಿ.ಮೀ. ಹೋಗುವಷ್ಟರಲ್ಲಿ ಅದು ಸುಮಾರು 470 ಸುತ್ತು. ತಿರುವಿನಲ್ಲಿ ಮಾತ್ರ ತಿರುಗಲೆಂದು ಮಾಡಿದ ಒಳಗಿನ ಸಣ್ಣ ಪಿನಿಯನ್‌ಗಳಿಗೆ ವಿಶ್ರಾಂತಿಯೇ ಸಿಗದೆ, ಅವುಗಳ ವಾಷರ್ ಸವೆದು, ಗೇರು ಹಾಕಿದಾಗ ‘ಟಣ್’ ಅನ್ನತೊಡಗುತ್ತದೆ.

ನಾಲ್ಕೂ ಒಂದೇ ಜಾತಿ, ಒಂದೇ ಸೈಜು ಮಾಡಿ. ಗಾಳಿ ತುಂಬಿ ಒಂದು ದಿನ ಬಿಟ್ಟು, ಸ್ಟೀಲ್ ಟೇಪನ್ನು ಟೈರಿನ ಗುಡ್ಡಿಯ (ರಸ್ತೆಗೆ ತಾಗುವ ಮೈ) ನಟ್ಟನಡುವೆ ಸುತ್ತಿ ಅಳೆಯಿರಿ. ಸುತ್ತಳತೆಯಲ್ಲಿ 38 ಮಿ.ಮೀ. ಒಳಗಿನ ವ್ಯತ್ಯಾಸ ನಡೆಯುತ್ತದೆ. ಜೋಡಿಯಲ್ಲಿ ಚೂರು ಚಿಕ್ಕದನ್ನು ಒಳಗೆ ಹಾಕಿ. ರಸ್ತೆಯ ನಡು ಉಬ್ಬಿರುವುದರಿಂದ ಒಳಗಿನ ಟೈರಿಗೆ ಹೇಗೂ ಭಾರ ಜಾಸ್ತಿ. ಸಂಡೂರು ಕಡೆ ಅದಿರಿನ ರಸ್ತೆಗಳಲ್ಲಿ ಓಡಾಡುವವರು ದಿನಾ ಸಂಜೆ ಎರಡು ಟೈರಿನ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಬ್ಯಾಟರಿ ಬಿಟ್ಟು ನೋಡುವುದು ಒಳ್ಳೆಯದು. ಕೆಂಪು ದೂಳು ಮೆತ್ತಿಕೊಂಡಿರುವಾಗ ಕಲ್ಲೂ ಟೈರೂ ಒಂದೇ ಬಣ್ಣ.

ಪ್ರಶ್ನೆ: ಹಳೆಯ ಜೀಪಿನ ಹಿಂದಿನ ಹೌಸಿಂಗ್ ಒಡೆದಿದ್ದಕ್ಕೆ ಗುಜರಿಯಿಂದ ಬೇರೆ ತಂದು ಹಾಕಿಸಿದೆ. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಫೋರ್ ವೀಲ್ ಚೆನ್ನಾಗಿ ಎಳೆಯಿತು. ಡಾಂಬರಿಗೆ ಬಂದ ಮೇಲೆ ಲಿವರ್ ವಾಪಸ್ ಬರಲೇ ಇಲ್ಲ, ಗಾಡಿ ಬ್ರೇಕ್ ಹಿಡಿದಂತೆ ನಿಂತಿತು.
— ಮಾನ್ವಿ

ಉತ್ತರ: ಮುಂದಿನ, ಹಿಂದಿನ ರೇಶಿಯೋ ಬೇರೆಯಾಗಿರುವ ಸಾಧ್ಯತೆಯೇ ಹೆಚ್ಚು. ಯುದ್ಧಕಾಲದ ವಿಲ್ಲಿಸ್ ಜೀಪಿಗೆ 39/8, ಅಂದರೆ 4.88 ಬರುತ್ತಿತ್ತು; ಆಮೇಲಿನ ಸಿಜೆ ಮಾದರಿಗಳಿಗೆ 43/8, ಅಂದರೆ 5.38. ಹೊರಗಿನಿಂದ ನೋಡಿದರೆ ಸುಲಭಕ್ಕೆ ಪತ್ತೆಯಾಗುವುದಿಲ್ಲ, ಗುಜರಿಯವನಿಗಂತೂ ಎರಡೂ ‘ಜೀಪಿನ ಹೌಸಿಂಗ್’.

ಫೋರ್ ವೀಲ್ ಹಾಕಿದಾಗ ಎರಡೂ ಶಾಫ್ಟು ಒಂದೇ ವೇಗದಲ್ಲಿ ಬೀಗ ಬಿದ್ದಂತೆ ತಿರುಗುತ್ತವೆ. ನಿಮ್ಮದರಲ್ಲಿ ಹಿಂದೆ 4.88, ಮುಂದೆ 5.38 ಇದ್ದರೆ, ಹಿಂದಿನ ಗಾಲಿ 100 ಮೀಟರ್ ಹೋಗುವಾಗ ಮುಂದಿನದು 90.7 ಮೀಟರ್ ಮಾತ್ರ ಹೋಗಲು ಒಪ್ಪುತ್ತದೆ. ಉಳಿದ ಒಂಬತ್ತು ಚಿಲ್ಲರೆ ಮೀಟರನ್ನು ಯಾವುದಾದರೂ ಟೈರು ಜಾರಿ ಸರಿದೂಗಿಸಬೇಕು. ಹಸಿ ಎರೆ ಮಣ್ಣು ಬೆಣ್ಣೆಯಂಥದ್ದು, ಜಾರಲು ಬಿಟ್ಟಿತು. ಡಾಂಬರು ಬಿಡಲಿಲ್ಲ. ಆ ತಿರುಚು ಶಾಫ್ಟು, ಬಲವನ್ನು ಮುಂದೆ-ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್‌ಗಳಲ್ಲಿ ತುಂಬಿ ಲಿವರ್ ಕಚ್ಚಿಕೊಂಡಿತು. ಇನ್ನೊಮ್ಮೆ ಹಾಗಾದರೆ ಲಿವರ್ ಮೇಲೆ ಕಾಲಿಟ್ಟು ಒದೆಯಬೇಡಿ. ನೆಟ್ಟಗೆ ನಾಲ್ಕು ಮೀಟರ್ ರಿವರ್ಸ್ ಹೋಗಿ, ಇಲ್ಲವೇ ಒಂದು ಗಾಲಿಯನ್ನು ಜಾಕಿ ಹಚ್ಚಿ ಎತ್ತಿ. ಗಾಲಿ ತಾನೇ ಗಿರ್ರನೆ ತಿರುಗಿ ಬಿಗಿತ ಬಿಡುತ್ತದೆ. ಎತ್ತುವಾಗ ಕೈ, ಲುಂಗಿ ದೂರ ಇರಲಿ.

ಖಾತ್ರಿ ಮಾಡಿಕೊಳ್ಳಲು ಗಂಗಾವತಿಯವರಿಗೆ ಹೇಳಿದ 20 ಸುತ್ತಿನ ಎಣಿಕೆಯನ್ನು ಮುಂದೆ-ಹಿಂದೆ ಎರಡೂ ಕಡೆ ಮಾಡಿ. ಲಿವರ್ ಟೂ ವೀಲ್‌ನಲ್ಲಿರಲಿ. ಮುಂದೆ ಲಾಕಿಂಗ್ ಹಬ್ ಇದ್ದರೆ ಲಾಕ್ ಮಾಡಿ, ಇಲ್ಲದಿದ್ದರೆ ಗಾಲಿ ತಿರುಗಿದರೂ ಶಾಫ್ಟು ಸುಮ್ಮನಿರುತ್ತದೆ. ಈ ಜೀಪುಗಳ ಹ್ಯಾಂಡ್ ಬ್ರೇಕ್ ಗಾಲಿಗಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನದನ್ನು ಎಣಿಸುವಾಗ ಅದನ್ನು ಬಿಡಲು ಮರೆಯಬೇಡಿ. ಒಂದು ಕಡೆ ಐವತ್ತನಾಲ್ಕು ಸಮೀಪ, ಇನ್ನೊಂದು ಕಡೆ ನಲವತ್ತೊಂಬತ್ತು ಸಮೀಪ ಬಂದರೆ ರೋಗ ಸಿಕ್ಕಂತೆ.

ಮುಂದೆ ದೊಡ್ಡ ಟೈರು ಹಾಕಿ ಸರಿದೂಗಿಸುವ ಯೋಚನೆ ಬೇಡ. ಎರಡೂ ಕಡೆ 5.38 ಮಾಡಿ. ನಿಮ್ಮದು 6.00-16 ಬಿಟ್ಟು 7.00-16 ಟೈರು ಎಂದು ಬರೆದಿದ್ದೀರಿ, ಅದು ಶೇ. 7-8 ಎತ್ತರ. ಆ ಟೈರಿನ ಮೇಲೆ 5.38 ಓಡುವುದು ಸಣ್ಣ ಟೈರಿನ ಮೇಲೆ ಸುಮಾರು 5.0 ಓಡಿದಂತೆ. 4.88 ಉಳಿಸಿಕೊಂಡರೆ ಅದು ನಾಲ್ಕೂವರೆಗೆ ಇಳಿದು ಹೊಲದ ಕೆಲಸಕ್ಕೆ ಜಗ್ಗುವುದಿಲ್ಲ. ರೇಶಿಯೋ ಒಂದಾದ ಮೇಲೂ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಬಾರದು, ತಿರುವಿನಲ್ಲಿ ಇದೇ ತಿರುಚು ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತದೆ.

ಪ್ರಶ್ನೆ: ವ್ಯಾನಿಗೆ ಕ್ರೌನ್-ಪಿನಿಯನ್ ಹಾಕಿಸಿ ವಾರವಾಯಿತು. 40-50ರಲ್ಲಿ ಎಕ್ಸಲರೇಟರ್ ಒತ್ತಿದರೆ ‘ಊಂ…’ ಅಂತ ಊಳಿಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. “ಓಡ್ತಾ ಓಡ್ತಾ ಸೆಟ್ ಆಗತೈತಿ” ಅನ್ನುತ್ತಾರೆ. ಆಗುತ್ತದೆಯೇ?
— ಕೊಪ್ಪಳ

ಉತ್ತರ: ಆಗುವುದಿಲ್ಲ. ಹಲ್ಲು ತಪ್ಪಾಗಿ ಕೂತ ಜಾಗದಲ್ಲೇ ಸವೆದು ಮುಂದೆ ಸರಿ ಮಾಡಲೂ ಬಾರದಂತೆ ಆಗುತ್ತದೆ. ಒತ್ತಿದಾಗ ಮಾತ್ರ ಸದ್ದು ಬಂದರೆ ಹಲ್ಲಿನ ಉಬ್ಬು ಮೈ, ಕಾಲು ತೆಗೆದಾಗ ಬಂದರೆ ತಗ್ಗು ಮೈ ತಪ್ಪಾಗಿ ಕೂತಿದೆ ಎಂದರ್ಥ. ಒತ್ತಿದರೂ ಬಿಟ್ಟರೂ ಒಂದೇ ಸಮ ಗುಂಯ್‌ಗುಡುವುದು ಬೇರಿಂಗ್. ರಸ್ತೆಯ ಮೈ ಬದಲಾದಾಗ ಸದ್ದೂ ಬದಲಾದರೆ ಅದು ಟೈರಿನ ಗುಡ್ಡಿ, ಹೌಸಿಂಗ್ ಬಿಚ್ಚುವುದು ದಂಡ.

ಮೊದಲು ಒಂದು ಮಾತು ಕೇಳಿ: ಕ್ರೌನೂ ಪಿನಿಯನ್ನೂ ಒಂದೇ ಸೆಟ್ಟೇ? ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿ ಎರಡಕ್ಕೂ ಒಂದೇ ನಂಬರ್ ಕೆತ್ತಿರುತ್ತಾರೆ. ಒಂದು ಕಡೆಯಿಂದ ಕ್ರೌನು, ಇನ್ನೊಂದು ಕಡೆಯಿಂದ ಪಿನಿಯನ್ನು ತಂದು “ಹಲ್ಲು ಅಷ್ಟೇ ಅದಾವಲ್ಲ” ಎಂದು ಕೂರಿಸಿದ್ದರೆ ಯಾವ ಶಿಮ್ಮೂ (ಸಂದು ಹೊಂದಿಸುವ ತೆಳು ತಗಡು) ಅದನ್ನು ಸುಮ್ಮನಾಗಿಸದು.

ನಂಬರ್ ಕೂಡಿದರೆ ಬ್ಲೂ (ಹಲ್ಲು ತಾಗುವ ಗುರುತು ತೋರಿಸುವ ನೀಲಿ ಬಣ್ಣ) ಹಚ್ಚಿಸಿ ನೋಡಿ. ಕ್ರೌನಿನ ನಾಲ್ಕೈದು ಹಲ್ಲು ಒರೆಸಿ ಒಣಗಿಸಿ, ಬ್ರಷ್ಷಿನಲ್ಲಿ ತೆಳ್ಳಗೆ ಬ್ಲೂ ಬಳಿದು, ಕ್ರೌನಿಗೆ ಮರದ ತುಂಡು ಒತ್ತಿ ತಡೆ ಕೊಟ್ಟು, ಪಿನಿಯನ್ನನ್ನು ಆಚೆ ಈಚೆ ತಿರುಗಿಸಬೇಕು. ಬಣ್ಣ ಒರೆಸಿಹೋದ ಗುರುತು ಹಲ್ಲಿನ ನಡುವೆ, ಚೂರು ಒಳತುದಿ ಕಡೆಗೆ ಇರಬೇಕು; ಲೋಡು ಬಿದ್ದಾಗ ಅದು ಹೊರತುದಿ ಕಡೆ ಸರಿಯುತ್ತದೆ. ಗುರುತು ಹಲ್ಲಿನ ನೆತ್ತಿಗೆ ಬಂದರೆ ಪಿನಿಯನ್ ದೂರ ಉಳಿದಿದೆ, ಒಳಗೆ ತರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ಹೊರಗೆ ಎಳೆಯಬೇಕು. ಪೂರ್ತಿ ಒಳತುದಿಗೆ ಬಂದರೆ ಕ್ರೌನನ್ನು ಪಿನಿಯನ್‌ನಿಂದ ದೂರ ಸರಿಸಬೇಕು, ಹೊರತುದಿಗೆ ಬಂದರೆ ಹತ್ತಿರ.

ಶಿಮ್ ವಿಷಯದಲ್ಲಿ ಮಿಸ್ತ್ರಿಗಳೂ ಎಡವುವ ಜಾಗ ಒಂದಿದೆ. ಶಿಮ್ ಪಿನಿಯನ್ ತಲೆ ಮತ್ತು ಬೇರಿಂಗ್ ನಡುವೆ ಇರುವ ಹೌಸಿಂಗಿನಲ್ಲಿ ದಪ್ಪ ಶಿಮ್ ಹಾಕಿದರೆ ಪಿನಿಯನ್ ಒಳಗೆ ಹೋಗುತ್ತದೆ. ಲಾರಿಗಳ ಹಾಗೆ ಪಿನಿಯನ್ನಿನದೇ ಬೇರೆ ಕೇಜ್ ಇದ್ದು, ಅದರ ಚಾಚುಪಟ್ಟಿಯ ಕೆಳಗೆ ಶಿಮ್ ಇರುವ ಮಾದರಿಯಲ್ಲಿ ದಪ್ಪ ಹಾಕಿದರೆ ಹೊರಗೆ ಬರುತ್ತದೆ. ಒಂದರ ರೂಢಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಸದ್ದು ಇಮ್ಮಡಿ.

ಹಲ್ಲುಗಳ ನಡುವಿನ ಆಟ ಡಯಲ್ ಗೇಜಿನಲ್ಲಿ ನೋಡಬೇಕು, ಕೈಯಲ್ಲಿ ಅಲ್ಲಾಡಿಸಿ ಅಲ್ಲ. ಸಣ್ಣ ವ್ಯಾನು-ಜೀಪಿಗೆ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ.; ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಕ್ರೌನಿನ ಸುತ್ತ ಮೂರು-ನಾಲ್ಕು ಕಡೆ ನೋಡಿಸಿ. ಒಂದೊಂದು ಕಡೆ ಒಂದೊಂದು ಬಂದರೆ ಕ್ರೌನ್ ಕೂರುವ ಮೈ ಮೇಲೆ ಕಸ ಸಿಕ್ಕಿದೆ ಅಥವಾ ಬೋಲ್ಟು ಸಮ ಬಿಗಿದಿಲ್ಲ. ಕ್ರಷ್ ಸ್ಲೀವ್ (ನಟ್ಟು ಬಿಗಿದಾಗ ಕುಗ್ಗಿ ಬೇರಿಂಗಿನ ಬಿಗಿತ ಹಿಡಿಯುವ ಕೊಳವೆ) ಇರುವ ಮಾದರಿಯಾದರೆ ಪ್ರತಿ ಸಲ ಬಿಚ್ಚಿದಾಗಲೂ ಹೊಸ ಸ್ಲೀವು, ಹೊಸ ನಟ್ಟು. ಹೆಚ್ಚು ಬಿಗಿದಿದ್ದಕ್ಕೆ ನಟ್ಟು ಹಿಂದಕ್ಕೆ ಸಡಿಲಿಸಿ ಸರಿಮಾಡಿದರೆ ಬೇರಿಂಗಿನ ಬಿಗಿತ ಹೋಯಿತೆಂದೇ ಲೆಕ್ಕ.

ಎಣ್ಣೆ ಜಿಎಲ್-5 ದರ್ಜೆಯ ಇಪಿ-90 ಇರಲಿ, ತುಂಬುವ ತೂತಿನ ಕೆಳ ಅಂಚಿನವರೆಗೆ. ಮಿಕ್ಕಿದ್ದನ್ನು ಹಳೆಯ ಗೇರ್‌ಬಾಕ್ಸಿಗೆ ಸುರಿಯಬೇಡಿ, ಅಲ್ಲಿನ ಹಿತ್ತಾಳೆ ರಿಂಗುಗಳಿಗೆ ಪುಸ್ತಕ ಹೇಳಿದ ದರ್ಜೆಯೇ ಬೇಕು. ಮೊದಲ ದಿನ 20 ಕಿ.ಮೀ. ಹಗುರಾಗಿ ಓಡಿಸಿ, ನಿಲ್ಲಿಸಿ ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. 500 ಕಿ.ಮೀ. ತನಕ ಪೂರ್ತಿ ಲೋಡು ಬೇಡ, ಆಮೇಲೆ ಎಣ್ಣೆ ಬದಲಿಸಿ. ಬಸಿದ ಎಣ್ಣೆಯಲ್ಲಿ ಬೆಳ್ಳಿ ಪುಡಿಯಂಥದ್ದು ಹೊಳೆಯುವುದು ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮತ್ತೆ ಬಿಚ್ಚಿಸಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಓಡಿಸಿ ನಿಲ್ಲಿಸಿದಾಗ ಟೈರು ಮುಟ್ಟಲಾಗದಷ್ಟು ಕಾದಿರುತ್ತದೆ. 80 ಪಿಎಸ್‌ಐ ಹಾಕಿದ್ದು 90 ತೋರಿಸುತ್ತದೆ. ಗಾಳಿ ಬಿಡಬೇಕೇ?
— ರಾಯಚೂರು

ಉತ್ತರ: ಬಿಡಬಾರದು. ಮುಂಜಾನೆ 30 ಡಿಗ್ರಿಯಲ್ಲಿ 80 ಇದ್ದದ್ದು, ಒಳಗಿನ ಗಾಳಿ 65 ಡಿಗ್ರಿಗೆ ಕಾದಾಗ 91ರ ಆಸುಪಾಸು ಆಗುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆ 11 ಬಿಟ್ಟರೆ ಟೈರು ಹೆಚ್ಚು ಮಡಚಿ ಇನ್ನೂ ಕಾಯುತ್ತದೆ, ಮರುದಿನ ಬೆಳಿಗ್ಗೆ 70ರಲ್ಲಿ ಹೊರಡುತ್ತೀರಿ. ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಎರಡು ಕಿ.ಮೀ. ಓಡುವುದರೊಳಗೆ. 91ರ ಜಾಗದಲ್ಲಿ 100 ದಾಟಿದರೆ ಲೋಡು ಹೆಚ್ಚಾಗಿದೆ ಅಥವಾ ಆ ಗಾಲಿಯ ಬ್ರೇಕು ಹಿಡಿಯುತ್ತಿದೆ. ಡಿಸ್ಕ್ ನಡುಭಾಗದ ಹತ್ತಿರ ಅಂಗೈ ತಂದು ನಾಲ್ಕೂ ಗಾಲಿ ಹೋಲಿಸಿ, ಮುಟ್ಟದೆಯೇ ಗೊತ್ತಾಗುತ್ತದೆ.

ಇರುವ ಭಾರಕ್ಕೆ ಎಷ್ಟು ಗಾಳಿ ಎಂಬುದನ್ನು ಟೈರು ಕಂಪನಿಯ ಪಟ್ಟಿ ನೋಡಿ ನಿರ್ಧರಿಸಬೇಕು, ಅದಕ್ಕೆ ತೂಕ ಗೊತ್ತಿರಬೇಕು. ಕಾಟಾದ ಮೇಲೆ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆ ಬೇರೆ ತೂಗಿಸಿ, ನೀರಿನ ಟ್ಯಾಂಕ್ ತುಂಬಿರಲಿ. ಅಡುಗೆ ಕಟ್ಟೆ, ಬ್ಯಾಟರಿ, ಟ್ಯಾಂಕು ಎಲ್ಲ ಒಂದೇ ಪಕ್ಕಕ್ಕೆ ಕೂತ ವ್ಯಾನುಗಳಲ್ಲಿ ಆ ಪಕ್ಕದ ಟೈರೇ ಮೊದಲು ಹೋಗುತ್ತದೆ. ಅಂಥದ್ದರಲ್ಲಿ ಎಡ-ಬಲವನ್ನೂ ತೂಗಿಸುವುದು ಲೇಸು.

ಪ್ರಶ್ನೆ: ವರ್ಷಕ್ಕೆ ಮೂರೇ ಸಲ ತೆಗೆಯುವ ಕ್ಯಾರವಾನ್. ಟೈರಿನ ಗುಡ್ಡಿ ಹೊಸದರಂತಿದೆ. ಇನ್ನೂ ಎಷ್ಟು ವರ್ಷ ಓಡಿಸಬಹುದು?
— ಸಿಂಧನೂರು

ಉತ್ತರ: ಗುಡ್ಡಿ ನೋಡಬೇಡಿ, ಹುಟ್ಟಿದ ದಿನ ನೋಡಿ. ಟೈರಿನ ಪಕ್ಕೆಯಲ್ಲಿ ಡಾಟ್ ಎಂಬ ಬರಹದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2317 ಅಂದರೆ 2017ರ 23ನೇ ವಾರ. ನಿಂತ ಟೈರು ಓಡುವ ಟೈರಿಗಿಂತ ಬೇಗ ಬಿರಿಯುತ್ತದೆ, ಏಕೆಂದರೆ ರಬ್ಬರಿನೊಳಗಿನ ಮೇಣ ಮೇಲ್ಮೈಗೆ ಬರಬೇಕಾದರೆ ಟೈರು ಮಡಚುತ್ತಿರಬೇಕು. ಆರು-ಏಳು ವರ್ಷ ದಾಟಿದ್ದು, ಪಕ್ಕೆಯಲ್ಲಿ ಉಗುರು ಕಚ್ಚುವ ಬಿರುಕಿದ್ದರೆ ಮುಂದಿನ ಗಾಲಿಗೆ ಅದನ್ನು ಹಾಕಬೇಡಿ. ನಿಲ್ಲಿಸುವಾಗ ಟೈರಿಗೆ ಬಿಸಿಲು ಬೀಳದಂತೆ ಗೋಣಿ ಚೀಲ ಮುಚ್ಚಿ, ತಿಂಗಳಿಗೊಮ್ಮೆ ಗಾಡಿಯನ್ನು ಕಾಲು ಸುತ್ತು ಮುಂದೆ ಸರಿಸಿ.

ಪ್ರಶ್ನೆ: ದೊಡ್ಡ ಟೈರು ಹಾಕಿದ ಮೇಲೆ ಮೀಟರ್ ತಪ್ಪು ತೋರಿಸುತ್ತಿದೆ. ಎಷ್ಟು ತಪ್ಪು ಎಂದು ತಿಳಿಯುವುದು ಹೇಗೆ? ಆರ್‌ಟಿಒ ತಕರಾರು ಇದೆಯೇ?
— ಲಿಂಗಸುಗೂರು

ಉತ್ತರ: ಹೆದ್ದಾರಿಯ ಕಿ.ಮೀ. ಕಲ್ಲು ಹಿಡಿದು 10 ಕಿ.ಮೀ. ಹೋಗಿ. ಮೀಟರ್ 9.35 ತೋರಿಸಿದರೆ 60 ಎಂದಾಗ ನಿಜಕ್ಕೂ 64ರಲ್ಲಿದ್ದೀರಿ. ಹಳೆಯ ಗಾಡಿಗಳಲ್ಲಿ ಮೀಟರಿನ ಕೇಬಲ್ ಗೇರ್‌ಬಾಕ್ಸಿನ ಹಿಂಬದಿಯಿಂದ ಬರುವುದರಿಂದ ಕ್ರೌನ್ ಬದಲಿಸಿದರೂ ತಪ್ಪುತ್ತದೆ, ಟೈರು ಬದಲಿಸಿದರೂ ತಪ್ಪುತ್ತದೆ. ಕೇಬಲ್ ಬುಡದ ಸಣ್ಣ ಪ್ಲಾಸ್ಟಿಕ್ ಗೇರನ್ನು ಒಂದು ಹಲ್ಲು ಹೆಚ್ಚು-ಕಡಿಮೆ ಇರುವುದಕ್ಕೆ ಬದಲಿಸಿ ಸರಿಮಾಡುವ ಮಾದರಿಗಳಿವೆ.

ಆರ್‌ಟಿಒ ವಿಷಯಕ್ಕೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಲು ಬರುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ತಯಾರಕರು ಅದೇ ಮಾದರಿಗೆ ಒಪ್ಪಿದ ಟೈರು ಸೈಜುಗಳ ಒಳಗೇ ಇರಿ. ಸೀಟು ತೆಗೆದು ಮಂಚ ಹಾಕುವಂಥ ಬದಲಾವಣೆಗೆ ಮೊದಲೇ ಅನುಮತಿ ಪಡೆಯಿರಿ, ಕೆಲಸ ಮುಗಿಸಿ ಕೇಳಲು ಹೋಗಬೇಡಿ.

ಪ್ರಶ್ನೆ: ಓಡುವ ಟೈರೆಲ್ಲ ಹೊಸ ಸೈಜು. ಸ್ಟೆಪ್ನಿ ಮಾತ್ರ ಹಳೆಯ ಸೈಜಿನದೇ ಇದ್ದರೆ ನಡೆದೀತೇ?
— ಯಲಬುರ್ಗಾ

ಉತ್ತರ: ಮುಂದಿನ ಗಾಲಿಗೆ ಹಾಕಿಕೊಂಡು ಮೆಲ್ಲಗೆ ಪಂಕ್ಚರ್ ಅಂಗಡಿವರೆಗೆ ಹೋಗಬಹುದು. ಹಿಂದೆ ಪಂಕ್ಚರ್ ಆದರೆ ಮುಂದಿನ ಒಂದು ಗಾಲಿಯನ್ನು ಹಿಂದಕ್ಕೆ ತಂದು, ಸ್ಟೆಪ್ನಿಯನ್ನು ಮುಂದೆ ಹಾಕಿ. ಫೋರ್ ವೀಲ್ ಗಾಡಿಯಾದರೆ ಅಷ್ಟು ಹೊತ್ತು ಆ ಲಿವರ್ ಮುಟ್ಟಬೇಡಿ.